ಹಾರ್ಡ್ ಡಿಸ್ಕಿನ ಜೀರ್ಣಲಕ್ಷಣಗಳು ಮತ್ತು ಪ್ರತಿರಕ್ಷಣೆ

ತಾಳೆಗರಿಯ ಜೀರ್ಣತೆ ಕಣ್ಣಿಗೆ ಕಾಣುವಂತಹದು. ಹುಳು ಕೊರೆದ ರಂಧ್ರ, ಮುರಿದ ಅಂಚು, ಮಾಸಿದ ಅಕ್ಷರ ಇವುಗಳನ್ನು ಕಂಡೊಡನೆ ವಿದ್ವಾಂಸರು ಪ್ರತಿಯನ್ನು ‘ತ್ರುಟಿತ’ವೆಂದು ಗುರುತಿಸುತ್ತಾರೆ. ಇಂದು ಓಲೆಗಳ ಛಾಯಾಪ್ರತಿಗಳನ್ನು ತುಂಬಿಡುತ್ತಿರುವ ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಾದರೋ ಇಂತಹ ಬಹಿರಂಗ ಲಕ್ಷಣಗಳು ವಿರಳ. ಆದುದರಿಂದ ಅದರ ಅಳಿವಿನ ಸೂಚನೆಗಳನ್ನು ಅರಿಯುವುದೂ ಹಸ್ತಪ್ರತಿರಕ್ಷಣೆಯ ಒಂದು ಅಂಗವೇ ಆಗಿದೆ.

ಡಿಸ್ಕಿನೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಶಿರವು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ಅದು ತಟ್ಟೆಗೆ ತಾಗಿದರೆ ಲೇಪ ಕೆರೆದುಹೋಗುತ್ತದೆ. ಆ ಭಾಗದ ಬರಹ ಮರಳಿ ದೊರೆಯದು.

ಲಕ್ಷಣಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಕಡತಗಳು ತೆರೆಯಲು ಅಕಾರಣವಾಗಿ ತಡವಾಗುವುದು, ಚಿತ್ರದ ಅರ್ಧಭಾಗ ಮಾತ್ರ ಮೂಡುವುದು, ಹೆಸರುಗಳು ಕಲಸಿಹೋಗುವುದು, ಡಿಸ್ಕು ಆಗಾಗ ಕಾಣದಾಗುವುದು ಇವು ಮೊದಲನೆಯ ವರ್ಗ. ಟಕಟಕ ಶಬ್ದ ಅಥವಾ ಕೆರೆಯುವ ಧ್ವನಿ ಎರಡನೆಯದು, ಹೆಚ್ಚು ಅಪಾಯಕಾರಿಯಾದುದು. ಇವಲ್ಲದೆ ಡಿಸ್ಕಿನೊಳಗೇ ‘ಸ್ಮಾರ್ಟ್’ ಎಂಬ ಸ್ವಪರೀಕ್ಷಾ ವ್ಯವಸ್ಥೆಯಿದ್ದು, ಕೆಟ್ಟು ಬದಲಾಯಿಸಲ್ಪಟ್ಟ ಭಾಗಗಳ ಎಣಿಕೆಯನ್ನು ಅದು ಕೊಡುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಕುರಿತು ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪರಿಶೋಧನೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವವು ನಿರ್ದೋಷ ಡಿಸ್ಕಿಗಿಂತ 39 ಪಟ್ಟು ಅಧಿಕ. ಆದರೆ ಕೆಟ್ಟವುಗಳಲ್ಲಿ ಅನೇಕವು ಯಾವ ಮುನ್ಸೂಚನೆಯನ್ನೂ ನೀಡಿರಲಿಲ್ಲ. ಸೂಚನೆ ಇಲ್ಲದಿರುವುದು ಆರೋಗ್ಯಕ್ಕೆ ಪ್ರಮಾಣವಲ್ಲವೆಂದು ಇದರಿಂದ ಸಿದ್ಧವಾಗುತ್ತದೆ.

ಮೊದಲ ವರ್ಗದ ಲಕ್ಷಣ ಕಂಡೊಡನೆ ಆ ಡಿಸ್ಕಿನಲ್ಲಿ ಹೊಸದಾಗಿ ಏನನ್ನೂ ಬರೆಯಕೂಡದು. ಬೇರೆಲ್ಲೂ ಇಲ್ಲದ ಪ್ರತಿಗಳನ್ನು ಮೊದಲು ಬೇರೊಂದು ಡಿಸ್ಕಿಗೆ ಇಳಿಸಬೇಕು. ದೋಷಗಳು ಬಹಳವಿದ್ದರೆ ಬಿಡಿ ಕಡತಗಳ ಬದಲು ‘ಡಿಡಿ-ರೆಸ್ಕ್ಯೂ’ದಂತಹ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿಬಿಂಬ ತೆಗೆಯುವುದು ಲೇಸು, ಅದು ಸುಲಭವಾಗಿ ಓದುವ ಭಾಗವನ್ನು ಮೊದಲು ಎತ್ತಿಕೊಂಡು ತ್ರುಟಿತ ಭಾಗಕ್ಕೆ ಆಮೇಲೆ ಮರಳುತ್ತದೆ. ದುರಸ್ತಿಯ ತಂತ್ರಾಂಶಗಳನ್ನು ಮೂಲ ಡಿಸ್ಕಿನ ಮೇಲೆ ಪ್ರಯೋಗಿಸಬಾರದು. ಶಬ್ದ ಕೇಳಿಸಿದಲ್ಲಿ ತತ್‌ಕ್ಷಣ ವಿದ್ಯುತ್ತನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ಬಿಚ್ಚದೆ, ಧೂಳುರಹಿತ ಕೊಠಡಿಯುಳ್ಳ ತಜ್ಞರಿಗೆ ಒಪ್ಪಿಸಬೇಕು.

ಸೋಂದೆ, ಹಾಡುವಳ್ಳಿ, ಗೇರುಸೊಪ್ಪೆಗಳಂತಹ ಜೈನಕೇಂದ್ರಗಳುಳ್ಳ ಉತ್ತರ ಕನ್ನಡದಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವವರಿಗೆ ಈ ಎಚ್ಚರ ವಿಶೇಷವಾಗಿ ಅಗತ್ಯ. ದಾಂಡೇಲಿ–ಅಂಬಿಕಾನಗರ ದಾರಿಯ ಕುಳಗಿಯಂತಹ ಕಾಡಿನೂರುಗಳಲ್ಲಿ ಮಳೆಗಾಲದ ತೇವವೂ, ಮರ ಬಿದ್ದು ಕಡಿಯುವ ವಿದ್ಯುತ್ತೂ ಡಿಸ್ಕಿಗೆ ಶತ್ರುಗಳೇ. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಕಡತ ಕೆಡಬಹುದು. ತಿರುಗುತ್ತಿರುವಾಗ ಕುಲುಕಿದರೆ ತಟ್ಟೆಯೇ ಕೆಡಬಹುದು. ಆದಕಾರಣ ಆಯಾ ದಿನದ ಚಿತ್ರಗಳನ್ನು ಆಯಾ ಸಂಜೆಯೇ ಎರಡು ಡಿಸ್ಕುಗಳಿಗೆ ಇಳಿಸಿ, ಅವೆರಡನ್ನೂ ಬೇರೆ ಬೇರೆ ಚೀಲಗಳಲ್ಲಿ ಒಯ್ಯುವುದು ಯುಕ್ತ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಇಂದು ಅಂಗೀಕೃತವಾದ ನಿಯಮ. ಲಿಪಿಕಾರನ ಪ್ರತಿಯನ್ನು ಮೂಲದೊಡನೆ ಒಪ್ಪಿಟ್ಟು ನೋಡುವಂತೆ ಇಲ್ಲಿಯೂ ‘ಚೆಕ್‌ಸಮ್’ ಲೆಕ್ಕದಿಂದ ಪ್ರತಿಯ ಶುದ್ಧಿಯನ್ನು ಪರೀಕ್ಷಿಸಬೇಕು. ಮೂಡಬಿದಿರೆಯಲ್ಲಿ ಬಹುಕಾಲ ಉಳಿದು ಬಂದ ಧವಲಾ ಗ್ರಂಥವು ಪ್ರತಿಲಿಪಿಗಳ ಮೂಲಕ ಹೊರಬಂದು, 1939ರಿಂದ ಮುದ್ರಣಗೊಂಡು ವಿದ್ವಲ್ಲೋಕಕ್ಕೆ ಸುಲಭವಾಯಿತು. ಅನೇಕ ಪ್ರತಿಗಳೇ ಗ್ರಂಥಕ್ಕೆ ರಕ್ಷೆ. ಛಾಯಾಪ್ರತಿ ದೊರೆಯಿತೆಂದು ಓಲೆಕಟ್ಟನ್ನು ಕಡೆಗಣಿಸುವುದಂತೂ ಸಲ್ಲದು. ಡಿಸ್ಕು ಕೈಕೊಟ್ಟ ದಿನ ಮರಳಿ ನೋಡಬೇಕಾದುದು ಆ ಗರಿಗಳನ್ನೇ.