ನ್ಯಾನೊ ಡಬ್ಬಿಯೊಳಗಿನ ಸುರ್ಕಿ

‘ಮೋಲ್ಡ್ ಹಾಕುವಾಗ ಸಿಮೆಂಟಿಗೆ ನ್ಯಾನೊ ಲಿಕ್ವಿಡ್ ಬೆರೆಸಿದರೆ ತಾರಸಿ ಸೋರುವುದೇ ಇಲ್ಲವಂತೆ, ನಿಜವೇ?’ ಶಿಡ್ಲಘಟ್ಟದ ಓದುಗರೊಬ್ಬರ ಪ್ರಶ್ನೆ.

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅಲ್ಲಿ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆ: ಸುಟ್ಟ ಜೇಡಿಮಣ್ಣಿನ ಪುಡಿ ಮತ್ತು ಸುಣ್ಣ. ಪುಡಿಯಲ್ಲಿರುವ ಸಿಲಿಕಾ ನೀರಿನಲ್ಲಿ ಸುಣ್ಣದೊಂದಿಗೆ ಕೂಡಿ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟಾಗುತ್ತದೆ. ಸಿಮೆಂಟಿಗೆ ಬಲ ಕೊಡುವುದೂ ಇದೇ ಅಂಟು. ಆದರೆ ಸಿಮೆಂಟ್ ಗಟ್ಟಿಯಾಗುವಾಗ ಜೊತೆಗೆ ಒಂದಿಷ್ಟು ಬಿಡಿ ಸುಣ್ಣವೂ ಹುಟ್ಟುತ್ತದೆ. ಸೋರುವ ತಾರಸಿಯ ಅಡಿಯಲ್ಲಿ ಬೆಳ್ಳಗೆ ಕಟ್ಟಿಕೊಳ್ಳುವುದು ಅದೇ, ನೀರಿನಲ್ಲಿ ಕರಗಿ ಇಳಿದದ್ದು. ಓದುಗರು ಕೇಳಿದ ಲಿಕ್ವಿಡ್ಡಿನಲ್ಲಿರುವ ನ್ಯಾನೊ ಸಿಲಿಕಾ ಈ ಸುಣ್ಣವನ್ನು ಹಿಡಿದು ಅಂಟಾಗಿಸುತ್ತದೆ. ಕಣ ಸಣ್ಣದಾದಷ್ಟೂ ಮೈ ಹೆಚ್ಚು. ಹಾಗಾಗಿ ಸುರ್ಕಿ ತಿಂಗಳುಗಟ್ಟಲೆ ಮಾಡುವುದನ್ನು ಇದು ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಸಿಮೆಂಟಿನ ತೂಕದ ಶೇ 1ರಿಂದ 3ರಷ್ಟಿದ್ದರೆ ಸಾಕು.

ತೊಡಕಿರುವುದು ಕಲಸುವುದರಲ್ಲಿ. ಮುದ್ದೆಯ ಎಸರಿಗೆ ಹಿಟ್ಟು ಸುರಿದು ಸರಿಯಾಗಿ ತೊಳಸದಿದ್ದರೆ ಗಂಟು ಕಟ್ಟುತ್ತದಲ್ಲ, ಮೇಲೆ ಬೆಂದಂತೆ ಕಂಡರೂ ಮುರಿದರೆ ಒಳಗೆ ಒಣಹಿಟ್ಟು! ನ್ಯಾನೊ ಕಣಗಳದೂ ಅದೇ ಸ್ವಭಾವ. ಗಂಟಾದರೆ ನ್ಯಾನೊ ಹೋಗಿ ಬರಿಯ ಪುಡಿ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಶ್ರವಣಾತೀತ ಅಲೆ ಹಾಯಿಸಿ ಗಂಟು ಬಿಡಿಸುತ್ತಾರೆ. ಮನೆ ಮುಂದಿನ ಮಿಕ್ಸರಿನಲ್ಲಿ ಅದೆಲ್ಲಿ?

ನನ್ನ ಒಲವು ಪಾಲಿಮರ್ ಕಡೆಗೆ. ಗೌರಿಬಿದನೂರು, ಚಿಂತಾಮಣಿ ಕಡೆ ಈಗ ಕ್ರಷರ್‌ನ ಎಂ-ಸ್ಯಾಂಡೇ ಗತಿ. ಅದರ ಚೂಪು ಕಣಗಳು ಸುಲಭವಾಗಿ ಜಾರುವುದಿಲ್ಲ. ಮಾಲು ಬಿಗಿಯಾಯಿತೆಂದು ಮೇಸ್ತ್ರಿ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಆ ನೀರು ಆರಿದ ಜಾಗವೇ ಮುಂದೆ ಸೋರುವ ದಾರಿ. ಪಾಲಿಕಾರ್ಬಾಕ್ಸಿಲೇಟ್ ಎಂಬ ಪಾಲಿಮರ್ ದ್ರಾವಣ ಸಿಮೆಂಟ್ ಕಣಗಳಿಗೆ ಅಂಟಿಕೊಂಡು ಅವನ್ನು ಪರಸ್ಪರ ದೂರ ತಳ್ಳುತ್ತದೆ. ಹೆಚ್ಚು ನೀರಿಲ್ಲದೆ ಮಾಲು ಹರಿಯುತ್ತದೆ. ಮರಳಿನಲ್ಲಿ ಮಣ್ಣಿದ್ದರೆ ಮಾತ್ರ ಮಣ್ಣೇ ಅದನ್ನು ಹೀರಿಬಿಡುತ್ತದೆ.

ಹಳೆಯ ತಾರಸಿಗೆ ಎಸ್‌ಬಿಆರ್ ಎಂಬ ಕೃತಕ ರಬ್ಬರಿನ ಲೇಟೆಕ್ಸ್ ಬೇರೆಯೇ ಬಗೆ. ಸಿಮೆಂಟಿಗೆ ರಬ್ಬರ್ ಹಾಲು ಬೆರೆಸುವ ಪೇಟೆಂಟ್‌ಗಳು 1920ರ ದಶಕದಲ್ಲೇ ಬಂದಿದ್ದವು. (ಅದಕ್ಕೂ ಬಹಳ ಹಿಂದೆಯೇ ನಮ್ಮವರು ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಬೆರೆಸುತ್ತಿದ್ದರೆನ್ನಿ.) ಲೇಟೆಕ್ಸ್ ಆರುತ್ತಾ ರಂಧ್ರಗಳಲ್ಲಿ ತೆಳು ಪೊರೆ ಕಟ್ಟುತ್ತದೆ. ಆರದೆ ಪೊರೆಯಿಲ್ಲ. ಆದ್ದರಿಂದ ಅದು ಬೆರೆತ ಪ್ಲಾಸ್ಟರನ್ನು ಒಂದೆರಡು ದಿನ ಒದ್ದೆ ಇಟ್ಟು ಆಮೇಲೆ ಒಣಗಲು ಬಿಡಬೇಕು. ಹೊಸ ಮೋಲ್ಡಿಗೆ ಹಾಗಲ್ಲ: ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತದ್ದಾದರೆ 10 ದಿನ ಬದು ಕಟ್ಟಿ ನೀರು ನಿಲ್ಲಿಸಿ.