ಬಂಗಾರಕ್ಕೆ ಬಣ್ಣವಿಲ್ಲ

ಮೈಸೂರಿನ ಹಳೆಯ ಅಗ್ರಹಾರವೊಂದರ ಹೆಂಚಿನ ಮನೆ. ಪಡಸಾಲೆ ದಾಟಿದರೆ ಉತ್ತರಕ್ಕೆ ಕಿಟಕಿಯಿರುವ ಉದ್ದನೆಯ ಕೋಣೆ. ಆ ದಿಕ್ಕಿನಿಂದ ಬಿಸಿಲು ಒಳನುಗ್ಗುವುದು ಕಡಿಮೆ, ಬೆಳಕು ಮಾತ್ರ ದಿನವಿಡೀ ಸಮನಾಗಿ ಬರುತ್ತದೆ. ಕಿಟಕಿಯ ಕೆಳಗೆ ಚಾಪೆ, ಚಾಪೆಯ ಮೇಲೆ ಓರೆಯಾಗಿಟ್ಟ ಹಲಗೆ, ಹಲಗೆಯ ಮೇಲೆ ಅರ್ಧ ಮುಗಿದ ರಾಜರಾಜೇಶ್ವರಿ. ಕೋಣೆಯ ಆಚೆ ತುದಿಯ ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೊಂದು ಪೆನ್ ಟ್ಯಾಬ್ಲೆಟ್. ಆ ಪರದೆಯಲ್ಲೂ ಅದೇ ದೇವಿ, ಅದೇ ಕಬ್ಬಿನ ಬಿಲ್ಲು, ಹೂಬಾಣ, ಪಾಶ, ಅಂಕುಶ. ಚಾಪೆಯ ಮೇಲೆ ಮೇಷ್ಟ್ರು, ಮೇಜಿನ ಮುಂದೆ ಅವರ ಶಿಷ್ಯೆ. ಈ ತುದಿಯಲ್ಲಿ ಅಂಟಿನ ವಾಸನೆ, ಆ ತುದಿಯಲ್ಲಿ ಕಂಪ್ಯೂಟರ್ ಫ್ಯಾನಿನ ಗುಂಯ್‌ಗುಡುವಿಕೆ.

ಮೇಷ್ಟ್ರ ಸುತ್ತ ಪಿಂಗಾಣಿ ಬಟ್ಟಲುಗಳು. ಒಂದರಲ್ಲಿ ಇಂಗಳೀಕದ ಕೆಂಪು, ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಕಾಡಿಗೆಯ ಕಪ್ಪು. ಅಳಿಲಿನ ಕೂದಲಿನ ಕುಂಚಗಳು ಲೋಟದಲ್ಲಿ ತಲೆ ಮೇಲೆ ಮಾಡಿ ನಿಂತಿವೆ. ಪಕ್ಕದ ಡಬ್ಬಿಯಲ್ಲಿ ಹುಣಸೆಕಡ್ಡಿ ಸುಟ್ಟು ಮಾಡಿದ ಇದ್ದಿಲ ತುಂಡುಗಳಿವೆ. ನೆಟ್ಟನೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಡುವುದು ಹಿಂದಿನಿಂದ ಬಂದ ಪದ್ಧತಿ. ಮೊದಲ ರೇಖೆ ಮೂಡುವುದು ಅದರಿಂದಲೇ. ಬಟ್ಟೆಗೆ ಕಾಗದ ಅಂಟಿಸಿ, ಅದನ್ನು ಹಲಗೆಗೆ ಕೂಡಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ನೆಲ ಹದಗೊಳಿಸಿದ ಮೇಲೆ ಇದ್ದಿಲು ಓಡುತ್ತದೆ. ಬಣ್ಣದಲ್ಲಿ ಮೊದಲ ಸರದಿ ದೂರದ್ದಕ್ಕೆ, ಅಂದರೆ ಆಕಾಶ, ಬೆಟ್ಟ, ನದಿಗೆ. ಆಮೇಲೆ ಪ್ರಾಣಿಗಳು, ಮನುಷ್ಯರು, ದೇವರು.

ಇವತ್ತು ಒಡವೆಯ ಕೆಲಸ. ಮೂಲೆಯಲ್ಲಿ ಕಲ್ವವಿದೆ. ಅದರೊಳಗೆ ಮಕ್ಕಿ ಸಫೇದದ ಬಿಳಿಪುಡಿ, ರೇವಣಚಿನ್ನಿ ಹಾಲು ಮತ್ತು ಅಂಟು. ರೇವಣಚಿನ್ನಿ ಎಂದರೆ ನಮ್ಮ ಪುನರ್ಪುಳಿಯ ಕುಲಕ್ಕೇ ಸೇರಿದ ಮರದಿಂದ ಒಸರುವ ಹಳದಿ ಗೋಂದು. ಮೂರನ್ನೂ ಅರೆದು ಅರೆದು, ದೋಸೆಹಿಟ್ಟಿಗಿಂತ ತೆಳು, ಮಜ್ಜಿಗೆಗಿಂತ ಗಟ್ಟಿ ಎನ್ನುವ ಹದಕ್ಕೆ ತಂದರೆ ಜೆಸ್ಸೊ ಸಿದ್ಧ. ಸಫೇದ ಸೀಸದ್ದು, ವಿಷದ ಪುಡಿ. ಅದಕ್ಕಾಗಿಯೇ ಸತುವಿನ ಬಿಳುಪಿಗೆ ತಿರುಗಿದವರೂ ಇದ್ದಾರೆ. ರೇವಣಚಿನ್ನಿ ಸೇರಿದ ಮಿಶ್ರಣ ನಸುಹಳದಿಯಾಗಿರುವುದರಿಂದ ಮುಂದೆ ಚಿನ್ನದ ಹಾಳೆಯಲ್ಲಿ ಎಲ್ಲಾದರೂ ಕೂದಲೆಳೆಯ ಬಿರುಕು ಬಿಟ್ಟರೂ ಕೆಳಗಿನ ಬಿಳುಪು ಇಣುಕುವುದಿಲ್ಲ.

ಮೇಷ್ಟ್ರು ಕುಂಚದ ತುದಿಯನ್ನು ಜೆಸ್ಸೊದಲ್ಲಿ ಅದ್ದಿ ದೇವಿಯ ಕಂಠೀಹಾರದ ಮೇಲೆ ಒಂದು ಚುಕ್ಕೆ ಇಡುತ್ತಾರೆ. ಚುಕ್ಕೆ ಸಾಸಿವೆಗಿಂತ ಚಿಕ್ಕದು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ತಂಜಾವೂರು ಶೈಲಿಯಲ್ಲಿ ಈ ಉಬ್ಬು ದಪ್ಪ, ಮೇಲೆ ಗಾಜಿನ ಹರಳುಗಳೂ ಕೂರುತ್ತವೆ. ಮೈಸೂರಿನದು ತೆಳು ಉಬ್ಬು. ಕಣ್ಣಿಗಿಂತ ಮೊದಲು ಬೆರಳ ತುದಿಗೆ ತಿಳಿಯುವಷ್ಟು.

“ಫ್ಯಾನ್ ಆರಿಸಮ್ಮ” ಎಂದರು ಮೇಷ್ಟ್ರು. ಶಿಷ್ಯೆ ಎದ್ದು ಸ್ವಿಚ್ ಒತ್ತಿದಳು.

ಕಾಗದದ ಮಡಿಕೆಯೊಳಗಿಂದ ಚಿನ್ನದ ರೇಕು ಹೊರಬಂತು. ಬಡಿದು ಬಡಿದು ತೆಳುವಾಗಿಸಿದ ಇಂಥ ರೇಕಿನ ದಪ್ಪ ಮಿಲಿಮೀಟರಿನ ಸುಮಾರು 10,000ದಲ್ಲಿ ಒಂದು ಪಾಲು. ಬರಿಗೈಯಲ್ಲಿ ಮುಟ್ಟಿದರೆ ಬೆರಳಿಗೇ ಅಂಟಿಕೊಳ್ಳುತ್ತದೆ, ಉಸಿರು ಬಿಟ್ಟರೆ ಹಾರುತ್ತದೆ. ಹಾರದ ಮೇಲೆ ಅದನ್ನು ಇಳಿಬಿಟ್ಟು, ಮೆತ್ತಗೆ ಒತ್ತಿ, ತೆಳುಕಾಗದ ಹೊದಿಸಿ ಹೊಳಪಿನ ಕಲ್ಲಿನಿಂದ ಸವರುತ್ತಾರೆ. ಕಾಗದ ತೆಗೆದಾಗ ಚುಕ್ಕೆಗಳ ಸಾಲು ಎದ್ದು ನಿಂತಿದೆ. ಮೇಷ್ಟ್ರು ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ನೋಡುತ್ತಾರೆ. ಈ ಮನೆಯಲ್ಲಿ ಚಿತ್ರ ಪರೀಕ್ಷಿಸುವ ಕ್ರಮವೇ ಅದು.

ಈ ಕೈಚಳಕ ಬಹಳ ದೂರದಿಂದ ಬಂದದ್ದು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಆಸರೆ ಹುಡುಕುತ್ತ ದಕ್ಷಿಣಕ್ಕೆ ಸರಿದ ಚಿತ್ರಗಾರರ ಮನೆತನಗಳಲ್ಲಿ ಕೆಲವಕ್ಕೆ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ ಕಾಲದಲ್ಲಿ ನೆಲೆ ಸಿಕ್ಕಿತು. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಈ ಕಲೆ ಮತ್ತೆ ಚಿಗುರಿತು. ಅವರ ಆಸ್ಥಾನದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಸಚಿತ್ರ ಕೋಶ. ಯಾವ ದೇವರಿಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು ಎಂಬುದಕ್ಕೆಲ್ಲ ಅದರಲ್ಲಿ ಉತ್ತರವಿದೆ. ಶಿಷ್ಯೆಯ ಕಂಪ್ಯೂಟರಿನಲ್ಲೂ ಅದರ ಪುಟಗಳ ಸ್ಕ್ಯಾನ್ ಇದೆ. ದೇವಿಯ ಕೈಗಳನ್ನು ಕೂಡಿಸುವ ಮುನ್ನ ಅವಳು ಪರದೆಯ ಅರ್ಧದಲ್ಲಿ ಅದನ್ನು ತೆರೆದಿಟ್ಟುಕೊಳ್ಳುತ್ತಾಳೆ.

ಅವಳ ಕೆಲಸದ ವೇಗ ಬೇರೆ. ಪೆನ್ನನ್ನು ಮೆತ್ತಗೆ ಒತ್ತಿದರೆ ರೇಖೆ ಸಣ್ಣದು, ಗಟ್ಟಿ ಒತ್ತಿದರೆ ದಪ್ಪ. ಇಂಥ ಟ್ಯಾಬ್ಲೆಟ್‌ಗಳು ಒತ್ತಡದ 8,192 ಮಟ್ಟಗಳನ್ನು ಗುರುತಿಸುತ್ತವೆ. ಮಂಟಪದ ಎಡಗಂಬ ಬರೆಯುತ್ತಿದ್ದಂತೆ ಬಲಗಂಬ ತಾನಾಗಿ ಮೂಡುತ್ತದೆ. ಆಕಾಶ ಒಂದು ಲೇಯರ್, ಮಂಟಪ ಒಂದು ಲೇಯರ್, ದೇವಿ ಇನ್ನೊಂದು. ಸೀರೆಯ ಕೆಂಪು ಬೇಡ, ಹಸಿರು ಬೇಕು ಎಂದರೆ ಗಿರಾಕಿ ಫೋನ್ ಇಡುವುದರೊಳಗೆ ಹಸಿರು. ಮೇಷ್ಟ್ರಿಗೆ ಇದರ ಬಗ್ಗೆ ತಕರಾರಿಲ್ಲ. ಅವರೂ ಹಳೆಯ ರೇಖಾಚಿತ್ರಗಳ ಕಟ್ಟಿನಿಂದ ನಕಲು ತೆಗೆದೇ ಕಲಿತವರು. ರೇಖೆ ಕೈಯಿಂದ ಕೈಗೆ ದಾಟುವುದು ಅವರಿಗೆ ಹೊಸದಲ್ಲ.

ಇಬ್ಬರಿಗೂ ವಾದ ಹತ್ತುವುದು ಚಿನ್ನದ ವಿಷಯಕ್ಕೆ.

ಬಣ್ಣದ ಪಟ್ಟಿಯಲ್ಲಿ ‘ಗೋಲ್ಡ್’ ಎಂದು ಆರಿಸಿದರೆ ಕಂಪ್ಯೂಟರು ಕೊಡುವುದು ಕೆಂಪು 255, ಹಸಿರು 215, ನೀಲಿ 0. ತೆರೆಯ ಮೇಲೆ ನೋಡಿದರೆ ಅದು ಅಪ್ಪಟ ಹಳದಿ. ಅರಿಶಿನದ ಕೊಂಬಿಗೆ ಹೊಂದೀತು, ಕಿರೀಟಕ್ಕೆ ಹೊಂದದು. ಅದಕ್ಕೇ ಡಿಜಿಟಲ್ ಕಲಾವಿದರು ಕಂದು, ಹಳದಿ, ಬಿಳಿಗಳನ್ನು ಒತ್ತೊತ್ತಾಗಿ ಇಟ್ಟು ಚಿನ್ನದ ಭ್ರಮೆ ಹುಟ್ಟಿಸುತ್ತಾರೆ. ಭ್ರಮೆ ಚೆನ್ನಾಗಿಯೇ ಇರುತ್ತದೆ. ಆದರೆ ಬಿಳಿಯ ಮಿಂಚು ಎಲ್ಲಿ ಇಟ್ಟರೋ ಅಲ್ಲೇ ಉಳಿಯುತ್ತದೆ. ನೋಡುವವರು ಅತ್ತಿತ್ತ ಹೋದರೂ ಕದಲುವುದಿಲ್ಲ.

ಶಿಷ್ಯೆ ಸುಮ್ಮನಾಗುವವಳಲ್ಲ. ಮೂರು ಆಯಾಮದ ಚಿತ್ರ ಕಟ್ಟುವ ಬ್ಲೆಂಡರ್ ತೆರೆದು, ಒಂದು ಗುಂಡು ಮಾಡಿ, ಅದಕ್ಕೆ ಚಿನ್ನದ ಲೋಹಗುಣ ಕೊಟ್ಟಳು. ಸುತ್ತಲಿನ ಲೋಕವನ್ನು ಪೂರ್ತಿ ಕತ್ತಲೆ ಮಾಡಿ, ಒಂದೂ ದೀಪವಿಡದೆ ರೆಂಡರ್ ಒತ್ತಿದಳು. ಗುಂಡು ಕಪ್ಪಗೆ ಬಂತು.

“ನೋಡಿ ಮೇಷ್ಟ್ರೇ, ಚಿನ್ನ ಎಲ್ಲಿ ಹೋಯ್ತು?”

“ಕತ್ತಲೇಲಿ ಯಾವುದಮ್ಮ ಕಾಣತ್ತೆ? ಇದ್ದಿಲೂ ಕಪ್ಪು, ಇಂಗಳೀಕಾನೂ ಕಪ್ಪು.”

ಅವಳು ಪಕ್ಕದಲ್ಲೊಂದು ಮಣ್ಣಿನ ಬಣ್ಣದ ಗುಂಡು ಮಾಡಿ, ಎದುರಿಗೆ ಒಂದೇ ಒಂದು ದೀಪ ಹಚ್ಚಿದಳು. ದೀಪಕ್ಕೆ ಮುಖ ಮಾಡಿದ ಅರ್ಧಭಾಗವಿಡೀ ಮಣ್ಣಿನ ಗುಂಡು ಬೆಳಗಿತು. ಚಿನ್ನದ ಗುಂಡು ಮಾತ್ರ ಕಪ್ಪಾಗಿಯೇ ಇದ್ದು, ಅದರ ಮೈಯಲ್ಲಿ ಒಂದು ಚುಕ್ಕೆ ಹೊಳೆಯಿತು. ಇನ್ನು ಕಿಟಕಿ, ಗೋಡೆ, ಸೂರು ಇರುವ ಕೋಣೆಯೊಂದನ್ನು ಸುತ್ತ ಕೂರಿಸಿದ ಮೇಲೆ ಗುಂಡು ಥಟ್ಟನೆ ಚಿನ್ನವಾಯಿತು. ಮಣ್ಣು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಹಾಗಾಗಿ ಯಾವ ಕಡೆಯಿಂದ ನೋಡಿದರೂ ಅದರ ಬಣ್ಣ ಸಿಗುತ್ತದೆ. ಚಿನ್ನ ಕನ್ನಡಿ. ಬೆಳಕಿನ ನೀಲಿಯನ್ನು ಬಹುಪಾಲು ನುಂಗಿ, ಉಳಿದದ್ದನ್ನು ಹಳದಿಯಾಗಿ ಹಿಂದಿರುಗಿಸುವ ಕನ್ನಡಿ. ಎದುರಿಗೆ ಏನೂ ಇಲ್ಲದಿದ್ದರೆ ಅದರ ಬಳಿ ತೋರಿಸಲು ಏನೂ ಇಲ್ಲ.

ಗಣಕದ ಚಿತ್ರಲೋಕ ಇದನ್ನು ಕಂಡುಕೊಂಡು ಬಹಳ ಕಾಲವಾಯಿತು. ಜೇಮ್ಸ್ ಬ್ಲಿನ್ ಮತ್ತು ಮಾರ್ಟಿನ್ ನ್ಯೂವೆಲ್ 1976ರಲ್ಲೇ, ಸುತ್ತಲಿನ ಪರಿಸರದ ಚಿತ್ರವೊಂದನ್ನು ವಸ್ತುವಿನ ಮೇಲೆ ಪ್ರತಿಫಲಿಸುವ ಉಪಾಯ ತೋರಿಸಿದರು. 1978ರಲ್ಲಿ ಬ್ಲಿನ್ ಇನ್ನೊಂದು ಜಾಣ್ಮೆ ಕೊಟ್ಟರು. ಮೇಲ್ಮೈ ಚಪ್ಪಟೆಯಾಗಿಯೇ ಇರುತ್ತದೆ. ಬೆಳಕಿನ ಲೆಕ್ಕ ಹಾಕುವಾಗ ಮಾತ್ರ ಅದು ಉಬ್ಬುತಗ್ಗಾಗಿದೆ ಎಂದು ನಂಬಿಸಿದರೆ, ಕಣ್ಣು ಅಲ್ಲಿ ಉಬ್ಬು ಕಾಣುತ್ತದೆ. ಶಿಷ್ಯೆಯ ಹಾರದ ಚುಕ್ಕೆಗಳು ಆ ಜಾಣ್ಮೆಯ ಸಂತಾನ. ಎದುರಿನಿಂದ ನೋಡಿದರೆ ಮೇಷ್ಟ್ರ ಚುಕ್ಕೆಗಳಿಗೆ ಸರಿಸಾಟಿ. ಚಿತ್ರವನ್ನು ಓರೆ ತಿರುಗಿಸಿ ಅಂಚಿನಿಂದ ನೋಡಿದರೆ ಹಾರವೂ ಇಲ್ಲ, ಉಬ್ಬೂ ಇಲ್ಲ, ಒಂದು ಗೆರೆ ಅಷ್ಟೆ.

ಅಚ್ಚಿಗೆ ಕಳಿಸಿದರೆ ಅಷ್ಟೂ ಉಳಿಯುವುದಿಲ್ಲ. ಸಾಮಾನ್ಯ ಮುದ್ರಣದ ನಾಲ್ಕು ಶಾಯಿಗಳಲ್ಲಿ ಚಿನ್ನವೆಂಬುದಿಲ್ಲ. ಕಾಗದದ ಮೇಲೆ ಬರುವುದು ಒಂದು ಬಗೆಯ ಸಾಸಿವೆ ಬಣ್ಣ. ಈ ಕೊರತೆಯನ್ನು ನಮ್ಮ ಅಜ್ಜಿಯಂದಿರ ಕಾಲದವರು ಆಗಲೇ ಕಂಡಿದ್ದರು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಅಚ್ಚುಗಳು ಮನೆಮನೆಗೆ ಬಂದವು. ಹೆಂಗಸರು ಅವುಗಳಿಗೆ ಜರಿ ಹೊಲಿದರು, ಮಣಿ ಪೋಣಿಸಿದರು, ಬಟ್ಟೆಯ ಸೀರೆ ಉಡಿಸಿದರು. ಹಾಗೆ ಸಿಂಗಾರಗೊಂಡ ಅಚ್ಚುಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅಚ್ಚು ದೇವಿಯ ಮುಖ ಕೊಟ್ಟಿತು, ರೂಪ ಕೊಟ್ಟಿತು. ದೀಪ ಹಚ್ಚಿದಾಗ ಅವಳ ಮೈಮೇಲೆ ಏನೋ ಒಂದು ಮಿನುಗಬೇಕಿತ್ತು, ಅದನ್ನು ಕೊಡಲಿಲ್ಲ. ಸೂಜಿದಾರ ಅದನ್ನು ತುಂಬಿಕೊಟ್ಟಿತು.

ಮೈಸೂರು ಚಿತ್ರದ ಚಿನ್ನದ ಲೆಕ್ಕವೂ ದೀಪದ ಲೆಕ್ಕವೇ. ದೇವರಮನೆಯಲ್ಲಿ ಬತ್ತಿಯ ಜ್ವಾಲೆ ಕೆಳಗಿನಿಂದ, ಅಲುಗಾಡುತ್ತ ಬರುತ್ತದೆ. ಒಂದೊಂದು ಉಬ್ಬಿನ ಕೆಳಬದಿ ಒಮ್ಮೆ ಹೊತ್ತಿ ಮತ್ತೆ ಆರುತ್ತದೆ. ಈಗಿನ ಮನೆಗಳಲ್ಲಿ ಚಿತ್ರ ಹಜಾರದಲ್ಲಿ ತೂಗುತ್ತದೆ; ಬೆಳಕು ಸೂರಿನಿಂದ, ಅಲುಗಾಡದ ಎಲ್‌ಇಡಿಯಿಂದ. ಅದೇ ಉಬ್ಬು ಅಲ್ಲಿ ಮಂಕು.

ಕೋಣೆಯ ಎರಡು ತುದಿಗಳು ಕೂಡುವುದು ಇಲ್ಲೇ. ಈಗ ಗಿರಾಕಿ ಬಂದರೆ ಮೇಷ್ಟ್ರ ಮೊದಲ ಪ್ರಶ್ನೆ ದೇವರ ಬಗ್ಗೆಯಲ್ಲ: “ಎಲ್ಲಿ ತೂಗುಹಾಕ್ತೀರಿ? ಲೈಟ್ ಎಲ್ಲಿದೆ?” ಗಿರಾಕಿ ಕಳಿಸಿದ ಗೋಡೆಯ ಫೋಟೊ ನೋಡಿ ಶಿಷ್ಯೆ ಬ್ಲೆಂಡರಿನಲ್ಲಿ ಆ ಹಜಾರವನ್ನೇ ಕಟ್ಟುತ್ತಾಳೆ. ಚಿತ್ರ ತೂಗುಹಾಕಿ, ದೀಪವನ್ನು ಸೂರಿನಲ್ಲಿಟ್ಟು, ಪಕ್ಕದಲ್ಲಿಟ್ಟು, ಕೆಳಗಿಟ್ಟು ನೋಡುತ್ತಾಳೆ. ಕಿರೀಟದ ಯಾವ ಸಾಲು ಮಿಂಚುತ್ತದೆ, ಯಾವುದು ಸತ್ತಂತಿದೆ ಎಂದು ಗುರುತು ಹಾಕುತ್ತಾಳೆ. ಆ ಗುರುತಿನಂತೆ ಮೇಷ್ಟ್ರು ಕೆಲವೆಡೆ ಚುಕ್ಕೆಯನ್ನು ತುಸು ಎತ್ತರಿಸುತ್ತಾರೆ, ಕೆಲವೆಡೆ ಚಪ್ಪಟೆ ಬಿಡುತ್ತಾರೆ. ಕಂಪ್ಯೂಟರು ಬೆಳಕಿನ ತಾಲೀಮು ಮಾಡಿಸುತ್ತದೆ, ರಂಗಕ್ಕೆ ಇಳಿಯುವುದು ಕೈ.

ಮಾರುಕಟ್ಟೆಯಲ್ಲಿ ಇದರ ಅಡ್ಡದಾರಿಯೂ ಇದೆ. ಕ್ಯಾನ್ವಾಸ್ ಮೇಲೆ ಇಡೀ ಚಿತ್ರವನ್ನು ಡಿಜಿಟಲ್ ಮುದ್ರಿಸಿ, ಒಡವೆಯ ಜಾಗಕ್ಕೆ ಹೊಳೆಯುವ ಫಾಯಿಲ್ ಒತ್ತಿದರೆ ದೂರದಿಂದ ಅಸಲಿಯಂತೆಯೇ ಕಾಣುತ್ತದೆ. ಅಚ್ಚೆಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಕೈಕೆಲಸವೆಂದು ಹೇಳಿ ಮಾರಿದರೆ ಕೊಳ್ಳುವವರಿಗೆ ಟೋಪಿ. ಕೊಳ್ಳುವ ಮುಂಚೆ ಕಣ್ಣು ಪಳಗಿಸಿಕೊಳ್ಳಬೇಕೆಂದರೆ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಗಳ ಸಂಗ್ರಹವಿದೆ. ಅಲ್ಲಿ ಚಿತ್ರದ ಮುಂದೆ ಕೈಕಟ್ಟಿ ಒಂದೇ ಕಡೆ ನಿಲ್ಲಬೇಡಿ. ಮೇಷ್ಟ್ರಂತೆ ತಲೆ ವಾಲಿಸಿ, ಎರಡು ಹೆಜ್ಜೆ ಎಡಕ್ಕೆ ಸರಿಯಿರಿ, ಎರಡು ಹೆಜ್ಜೆ ಬಲಕ್ಕೆ. ಹಾರವಿಡೀ ಒಂದೇ ಸಲಕ್ಕೆ ಹೊಳೆದು ಒಂದೇ ಸಲಕ್ಕೆ ಆರಿದರೆ ಅದು ಚಪ್ಪಟೆ ಹಾಳೆ. ಚುಕ್ಕೆಗಳು ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತ ನಿಮ್ಮ ಜೊತೆಗೇ ನಡೆದರೆ, ಅವನ್ನು ಒಂದೊಂದಾಗಿ ಇಟ್ಟ ಕೈಯೊಂದಿದೆ ಎಂದು ತಿಳಿಯಿರಿ. ಅದಕ್ಕೆ ಕೇಳಿದ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ.