ಕೋರ್ಟಿನ ಗೇಟಿನ ಹೊರಗೆ ವಕೀಲರ ಮಾತು

2024ರ ಆಗಸ್ಟ್ 20ರಂದು ಬದ್ಲಾಪುರ ಸ್ಟೇಶನ್ನಿನಲ್ಲಿ ಜನ ಹಳಿಗಿಳಿದರು. ಶಾಲೆಯ ಸ್ವಚ್ಛತಾ ಸಿಬ್ಬಂದಿಯೊಬ್ಬ ಶಿಶುವರ್ಗದ ಇಬ್ಬರು ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದನೆಂಬ ಆರೋಪ ಒಂದು ಕಡೆ. ದೂರು ಕೊಡಲು ಹೋದ ಹೆತ್ತವರನ್ನು ಪೊಲೀಸರು ಗಂಟೆಗಟ್ಟಲೆ ಕಾಯಿಸಿದರೆಂಬ ಸಿಟ್ಟು ಇನ್ನೊಂದು ಕಡೆ. ಲೋಕಲ್ ರೈಲುಗಳು ತಾಸುಗಟ್ಟಲೆ ನಿಂತವು. ಆರೋಪಿ ಅಕ್ಷಯ ಶಿಂಧೆಯ ಪರ ತಮ್ಮಲ್ಲಿ ಯಾರೂ ವಕಾಲತ್ತು ಹಾಕುವುದಿಲ್ಲ ಎಂದು ಕಲ್ಯಾಣ್ ವಕೀಲರ ಸಂಘ ಆ ದಿನಗಳಲ್ಲೇ ಸಾರಿತು.

ನಾನು ಡೊಂಬಿವಲಿಯವಳು. ಥಾಣೆ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುತ್ತೇನೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಅಂದರೆ ಪೋಕ್ಸೊ, ಪ್ರಕರಣಗಳಲ್ಲಿ ಆರೋಪಿಗಳ ಪರವಾಗಿಯೂ ನಿಂತಿದ್ದೇನೆ. ಆ ವಾರ ನಮ್ಮ ಬಿಲ್ಡಿಂಗಿನ ಅಕ್ಕನೊಬ್ಬರು ಮೆಟ್ಟಿಲಲ್ಲೇ ತಡೆದು ಕೇಳಿದರು: “ನೀನಾದ್ರೂ ಅಂಥವನ ಕೇಸು ಹಿಡೀತಿರಲಿಲ್ಲ ಅಲ್ವೇನೇ?” ಹಿಡಿಯುತ್ತಿದ್ದೆ ಅಂದೆ. ಅವರಿಗೆ ಬೇಸರವಾಯಿತು. ಆ ಬೇಸರ ನನಗೆ ಅರ್ಥವಾಗುತ್ತದೆ. ಅವರ ಮೊಮ್ಮಗಳೂ ಅದೇ ವಯಸ್ಸಿನವಳು.

ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ಇಷ್ಟದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಅಪರಾಧಿ ಹೌದೋ ಅಲ್ಲವೋ ಎಂಬ ಸ್ವಂತ ಅಭಿಪ್ರಾಯ ಬದಿಗಿಟ್ಟು ಆರೋಪಿಯ ಪರ ವಾದಿಸಬೇಕು ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ‘ಇಂಥವರ ಪರ ಯಾರೂ ನಿಲ್ಲಬಾರದು’ ಎಂದು ಸಂಘಗಳು ಮಾಡುವ ಠರಾವುಗಳಿಗೆ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟ್ 2010ರ ಡಿಸೆಂಬರಿನಲ್ಲಿ, ಕೊಯಮತ್ತೂರಿನಿಂದ ಬಂದ ಪ್ರಕರಣದಲ್ಲಿ, ತೀರ್ಪು ಕೊಟ್ಟಿತು. ಆದರೂ 2013ರಲ್ಲಿ ನಿರ್ಭಯಾ ಅತ್ಯಾಚಾರ ಪ್ರಕರಣ ದೆಹಲಿಯ ಸಾಕೇತ್ ಕೋರ್ಟಿಗೆ ಬಂದಾಗ ಅಲ್ಲಿನ ವಕೀಲರು ಹಿಂದೆ ಸರಿದರು. 2020ರಲ್ಲಿ ಬೇರೆಯದೇ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ನಮ್ಮ ಹುಬ್ಬಳ್ಳಿಯ ಸಂಘವೂ ಇಂಥದೇ ಠರಾವು ಮಾಡಿ ಕರ್ನಾಟಕ ಹೈಕೋರ್ಟಿನ ಕಟು ಆಕ್ಷೇಪಕ್ಕೆ ಗುರಿಯಾಯಿತು.

ಬದ್ಲಾಪುರದ ಕತೆ ಮುಂದೆ ಹೇಗೆ ತಿರುಗಿತೆಂದು ನೋಡಿ. ಸೆಪ್ಟೆಂಬರ್ 23ರಂದು ಆರೋಪಿಯನ್ನು ನವಿ ಮುಂಬಯಿಯ ತಳೋಜಾ ಜೈಲಿನಿಂದ ಕರೆದೊಯ್ಯುತ್ತಿದ್ದಾಗ, ಮುಂಬ್ರಾ ಬೈಪಾಸ್ ಬಳಿ ಪೊಲೀಸ್ ವ್ಯಾನಿನೊಳಗೆ ಅವನು ಗುಂಡೇಟಿಗೆ ಸತ್ತ. ಪಿಸ್ತೂಲು ಕಸಿದುಕೊಂಡ, ಹಾಗಾಗಿ ಹೊಡೆದೆವು ಎಂದರು ಪೊಲೀಸರು. ಹೆಣ ಹೂಳಲು ಯಾರೂ ಜಾಗ ಕೊಡದೆ, ಕೊನೆಗೆ ಬಾಂಬೆ ಹೈಕೋರ್ಟ್ ಮಧ್ಯೆ ಬಂದ ಮೇಲೆ ಉಲ್ಹಾಸನಗರದಲ್ಲಿ ಮಣ್ಣಾಯಿತು. ಮ್ಯಾಜಿಸ್ಟ್ರೇಟ್ ವಿಚಾರಣೆಯ ವರದಿ 2025ರ ಜನವರಿಯಲ್ಲಿ ಆ ಸಾವಿಗೆ ಐವರು ಪೊಲೀಸರನ್ನು ಹೊಣೆ ಮಾಡಿತು. ಫೆಬ್ರವರಿಯಲ್ಲಿ ಅವನ ತಂದೆತಾಯಿ, ಮಗನ ಸಾವಿನ ಈ ಕೇಸು ಇನ್ನು ನಮಗೆ ಬೇಡ ಎಂದು ಹೈಕೋರ್ಟಿಗೆ ಹೇಳಿಕೊಂಡರು. ಕೋರ್ಟ್ ಬಿಡಲಿಲ್ಲ. ತನಗೆ ನೆರವಾಗಲು ಹಿರಿಯ ವಕೀಲರೊಬ್ಬರನ್ನು ನೇಮಿಸಿಕೊಂಡು ಏಪ್ರಿಲ್ 7ರಂದು ವಿಶೇಷ ತನಿಖೆಗೆ ಆದೇಶಿಸಿತು. ಆದರೆ ಮೂಲ ಪ್ರಕರಣದಲ್ಲಿ, ಅವನ ಮಟ್ಟಿಗೆ, ಸಾಕ್ಷ್ಯ ನಡೆಯಲಿಲ್ಲ, ತೀರ್ಪು ಬರಲಿಲ್ಲ. ಆ ಮಕ್ಕಳ ಮನೆಯವರಿಗೂ ಅದು ಸಿಗಬೇಕಿತ್ತು ಎಂದೇ ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ತುದಿಗೆ ಬರೋಣ. ಕೇಸು ಹಿಡಿಯುವ ವಕೀಲರು ಹೊರಗೆ ಬಂದು ಏನು ಹೇಳುತ್ತಾರೆ? ಟಿವಿ ಮೈಕುಗಳ ಮುಂದೆ ಕೇಳುವ ಮಾತುಗಳು ನಿಮಗೂ ಬಾಯಿಪಾಠವಾಗಿರಬೇಕು. ನನ್ನ ಕಕ್ಷಿದಾರನನ್ನು ಸಿಕ್ಕಿಹಾಕಿಸಿದ್ದಾರೆ. ಇದು ಒಪ್ಪಿಗೆಯ ಸಂಬಂಧ. ದೂರು ತಡವಾಗಿದೆ, ಅದರಲ್ಲೇನೋ ಮಸಲತ್ತಿದೆ. ಮೊದಲನೆಯದನ್ನು ನಾನು ತಪ್ಪೆನ್ನುವುದಿಲ್ಲ. ಆರೋಪ ನಿರಾಕರಿಸುವುದು ಆರೋಪಿಯ ಹಕ್ಕು. ಆದರೆ ‘ತಡ’ ಎಂಬ ಮಾತು ಕೇಳಿದಾಗ ಬದ್ಲಾಪುರದ ಠಾಣೆಯಲ್ಲಿ ಕಾದು ಕೂತ ಹೆತ್ತವರು ನೆನಪಾಗುತ್ತಾರೆ. ತಡ ಮಾಡಿದವರು ಯಾರು? ಇದಕ್ಕೆ ಉತ್ತರ ಕಾಗದಪತ್ರದಲ್ಲಿರುತ್ತದೆ, ಟಿವಿಯ ಅರ್ಧ ನಿಮಿಷದ ತುಣುಕಿನಲ್ಲಿ ಇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದೂ ಇದೆ. ನಿರ್ಭಯಾ ಆರೋಪಿಗಳ ಇಬ್ಬರು ವಕೀಲರು ಸಾಕ್ಷ್ಯಚಿತ್ರವೊಂದರಲ್ಲಿ ಹೆಣ್ಣುಮಕ್ಕಳ ನಡತೆಯ ಬಗ್ಗೆ ಆಡಿದ ಮಾತಿಗೆ 2015ರಲ್ಲಿ ಬಾರ್ ಕೌನ್ಸಿಲ್ ನೋಟಿಸ್ ಕೊಡಬೇಕಾಯಿತು. ಆ ಮಾತಿನಿಂದ ಅವರ ಕಕ್ಷಿದಾರರಿಗೆ ಕಾಸಿನ ಪ್ರಯೋಜನವೂ ಆಗಲಿಲ್ಲ. ನಾವು ವಕೀಲರೇ ಮರೆತಿರುವ ಇನ್ನೊಂದು ನಿಯಮವಿದೆ. ಜಾಹೀರಾತು ನಿಷೇಧಿಸುವ ಬಾರ್ ಕೌನ್ಸಿಲಿನ 36ನೇ ನಿಯಮ, ನಾವು ನಡೆಸುತ್ತಿರುವ ಕೇಸಿನ ಬಗ್ಗೆ ಪತ್ರಿಕೆಗಳಲ್ಲಿ ಬರೆಸಿಕೊಳ್ಳುವುದನ್ನೂ ಫೋಟೊ ಹಾಕಿಸಿಕೊಳ್ಳುವುದನ್ನೂ ಅದರಲ್ಲೇ ಸೇರಿಸಿದೆ.

ಒಳಗೆ ನಡೆಯುವ ಕೆಲಸದ ರೀತಿಯೇ ಬೇರೆ. ಪೋಕ್ಸೊ ಕಾಯ್ದೆಯಲ್ಲಿ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಪಾಟೀಸವಾಲನ್ನು ನಾನು ನೇರವಾಗಿ ಮಗುವಿಗೆ ಹಾಕುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಿಸಬೇಕು. ಒಮ್ಮೆ ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ: ‘ಘಟನೆಯ ವೇಳೆ ಕೋಣೆಯಲ್ಲಿ ಬೇರೆ ಯಾರಿದ್ದರು?’ ನ್ಯಾಯಾಧೀಶರು ಅದನ್ನು ಓದಿ, ಕನ್ನಡಕ ತೆಗೆದಿಟ್ಟು, ಹುಡುಗಿಯ ಕಡೆ ಸ್ವಲ್ಪ ಬಾಗಿ, ಮರಾಠಿಯಲ್ಲಿ ‘ಆಗ ಆಯಿ ಎಲ್ಲಿದ್ದಳು, ಅಜ್ಜಿ ಎಲ್ಲಿದ್ದಳು’ ಎಂದು ಕೇಳಿದರು. ಅವಳು ಬೆರಳು ಮಡಚುತ್ತಾ ಒಬ್ಬೊಬ್ಬರನ್ನೇ ಹೇಳಿದಳು. ನನ್ನ ಕಕ್ಷಿದಾರನಿಗೆ ಬೇಕಾದ ಉತ್ತರ ಅದರಲ್ಲೇ ಸಿಕ್ಕಿತು. ಮಗುವನ್ನು ಅಳಿಸಬೇಕಾಗಿ ಬರಲಿಲ್ಲ.

ಬೆಳೆದ ಹೆಂಗಸಿನ ಪ್ರಕರಣದಲ್ಲೂ ಒಪ್ಪಿಗೆಯ ಪ್ರಶ್ನೆ ಬಂದಾಗ ಅವಳ ಹಿಂದಿನ ನಡತೆಯನ್ನು ಕೆದಕುವ ದಾರಿಯನ್ನು ಕಾನೂನು ಮುಚ್ಚಿಬಿಟ್ಟಿದೆ. ಕೋರ್ಟಿನಲ್ಲಿ ಕೇಳಲಾಗದ ಪ್ರಶ್ನೆಯನ್ನು ಗೇಟಿನ ಹೊರಗೆ ಮೈಕಿನ ಮುಂದೆ ಎತ್ತುವುದಕ್ಕೆ ವಕೀಲಿಕೆ ಎನ್ನಲಾರೆ. ನನ್ನನ್ನು ಕೇಳಿದರೆ ಹೊರಗೆ ಎರಡು ವಾಕ್ಯ ಸಾಕು: ಆರೋಪವನ್ನು ನಾವು ಒಪ್ಪುವುದಿಲ್ಲ, ಉಳಿದದ್ದನ್ನು ಕೋರ್ಟಿನಲ್ಲಿ ಹೇಳುತ್ತೇವೆ. ಕಕ್ಷಿದಾರರಿಗೂ ಅವರ ಮನೆಯವರಿಗೂ ಮೊದಲ ಭೇಟಿಯಲ್ಲೇ ಇದನ್ನು ಹೇಳುತ್ತೇನೆ. ‘ಟಿವಿಯಲ್ಲಿ ಗಟ್ಟಿಯಾಗಿ ಮಾತಾಡುವ ವಕೀಲರು ಬೇಕು’ ಎಂದು ಎದ್ದುಹೋದವರೂ ಇದ್ದಾರೆ. ಹೋಗಲಿ.

ಸರ್ಕಾರಿ ಪಕ್ಷದ ವಕೀಲರಿಗೂ ಈ ಮಾತು ಅನ್ವಯಿಸುತ್ತದೆ. ವಿಚಾರಣೆಗೆ ಮೊದಲೇ ‘ಗಲ್ಲು ಗ್ಯಾರಂಟಿ’ ಎಂದು ಯಾರು ಹೇಳಿದರೂ ಅದು ಜನರ ಸಿಟ್ಟಿಗೆ ತುಪ್ಪ ಸುರಿದಂತೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ಇಂಥ ಪ್ರಕರಣದಲ್ಲಿ ಯಾವ ಪಕ್ಷದ ವಕೀಲರೇ ಮಾತಾಡಿರಲಿ, ನೊಂದವಳ ಹೆಸರು, ಶಾಲೆ, ಬಿಲ್ಡಿಂಗಿನ ಸುಳಿವಿರುವ ವಿಡಿಯೊ ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ, ಅಳಿಸಿಬಿಡಿ. ನೊಂದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ.